ಸುಟ್ಟಗಾಯ, ಮೈತೂಕ ಮತ್ತು ನಮ್ಮ ಸೊಲ್ಲಾಪುರ

ಅಕ್ಕಲಕೋಟೆಯ ಕಡೆಯಿಂದ ಸೊಲ್ಲಾಪುರಕ್ಕೆ ಹೋಗುವವರು ಊರು ಸಮೀಪಿಸುತ್ತಿದ್ದಂತೆ ಎಂ.ಐ.ಡಿ.ಸಿ.ಯ ಕಾರ್ಖಾನೆಗಳ ಸಾಲನ್ನು ದಾಟುತ್ತಾರೆ. ಚಾದರ, ಟವೆಲುಗಳ ಊರೆಂದು ದೇಶವೆಲ್ಲ ಸೊಲ್ಲಾಪುರವನ್ನು ಬಲ್ಲುದು. ಹತ್ತಿಯ ನೂಲು, ಎಣ್ಣೆ, ವಿದ್ಯುತ್ತು ಒಂದೆಡೆ ಕೂಡಿದಲ್ಲಿ ಬೆಂಕಿಯ ಭಯ ಇದ್ದೇ ಇರುತ್ತದೆ. 2025ರ ಮೇ 18ರ ನಸುಕಿನಲ್ಲಿ ಇದೇ ರಸ್ತೆಯ ಒಂದು ಟವೆಲ್ ಕಾರ್ಖಾನೆಯಲ್ಲಿ ಹೊತ್ತಿದ ಬೆಂಕಿ 8 ಜೀವಗಳನ್ನು ತೆಗೆದುಕೊಂಡಿತು. ಇಂಥ ದುರಂತಗಳಲ್ಲಿ ಸತ್ತವರ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಬೆಂಕಿಯಿಂದ ಹೊರಬಂದು ಆಸ್ಪತ್ರೆ ಸೇರಿ, ತಿಂಗಳುಗಟ್ಟಲೆ ಮಲಗಿ, ಎದ್ದವರ ಅಥವಾ ಏಳದವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಮಗ್ಗದ ಮನೆಗಳಲ್ಲಿ, ಅಡುಗೆಯ ಒಲೆಯ ಮುಂದೆ, ಸೀಮೆಎಣ್ಣೆಯ ಸ್ಟೋವಿನ ಬಳಿ ಬೆಂದವರ ಸಂಖ್ಯೆ ಕಾರ್ಖಾನೆಗಳಲ್ಲಿ ಬೆಂದವರಿಗಿಂತ ಎಷ್ಟೋ ಪಾಲು ಹೆಚ್ಚು.

ಆ ಮಲಗಿದ ತಿಂಗಳುಗಳ ಚರಿತ್ರೆಯಲ್ಲಿ ಒಂದೇ ಒಂದು ಎಳೆಯನ್ನು ಹಿಡಿದು ಈ ಲೇಖನವನ್ನು ಬರೆಯುತ್ತಿದ್ದೇನೆ. ಅದು ಮೈತೂಕ. ಹನ್ನೂರದಂಥ ಊರುಗಳಿಂದ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಸುಟ್ಟವರನ್ನು ಗಾಡಿಯಲ್ಲಿ ಒಯ್ದವರ ಮನೆಗಳಲ್ಲಿ ಇಂದಿಗೂ ಕೇಳಿಬರುವ ಒಂದು ಮಾತುಂಟು: ಗಾಯ ಮಾಯುತ್ತಿತ್ತು, ಆದರೆ ಮನುಷ್ಯ ಕರಗಿಹೋದ. ತೂಕದ ಯಂತ್ರ ಮನೆಯಲ್ಲಿಲ್ಲದ ಕಾಲದಲ್ಲಿ ನಮ್ಮ ಹೆಂಗಸರು ಬಳೆಯಿಂದಲೇ ಮೈಯನ್ನು ಅಳೆಯುತ್ತಿದ್ದರು. ಬಿಗಿಯಾಗಿದ್ದ ಬಳೆ ಮೊಣಕೈಯವರೆಗೆ ಜಾರಿತೆಂದರೆ ಅದೇ ದೊಡ್ಡ ಸುದ್ದಿ. ಈ ಕರಗುವಿಕೆ ಗಾಯದ ನೆರಳಲ್ಲ, ಅದೇ ಒಂದು ರೋಗ, ಅದಕ್ಕೂ ಚಿಕಿತ್ಸೆ ಬೇಕು ಎಂದು ವೈದ್ಯಲೋಕ ಒಪ್ಪಿಕೊಳ್ಳಲು ಇಪ್ಪತ್ತನೆಯ ಶತಮಾನದ ಬಹುಭಾಗವೇ ಹಿಡಿಯಿತು.

ಸುಟ್ಟಗಾಯದ ಚಿಕಿತ್ಸೆ ನಮ್ಮಲ್ಲಿ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನ ಸುಡುವಿಕೆಯನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಎಷ್ಟು ಆಳ ಸುಟ್ಟಿದೆ ಎಂಬುದರ ಮೇಲೆ ಚಿಕಿತ್ಸೆ ನಿಲ್ಲುತ್ತದೆಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ. ಜೇನು ಮತ್ತು ತುಪ್ಪದ ಲೇಪನದ ಮಾತೂ ಬರುತ್ತದೆ. ಆ ಜೇನಿನ ವಿಷಯಕ್ಕೆ ಮುಂದೆ ಮರಳಿ ಬರಬೇಕಾಗಿದೆ, ಏಕೆಂದರೆ ಅದರ ಆಧುನಿಕ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಸೊಲ್ಲಾಪುರದಲ್ಲಿಯೇ.

ಹಿಂದಿನವರೆಲ್ಲರ ಕಣ್ಣು ಗಾಯದ ಮೇಲಿತ್ತು, ಗಾಯದ ಒಡೆಯನ ಮೇಲೆ ಇರಲಿಲ್ಲ. ಆ ದೃಷ್ಟಿ ಬದಲಾಗಲು ಕಾರಣವಾದದ್ದು, ವಿಷಾದದ ಸಂಗತಿಯೆಂದರೆ, ದೊಡ್ಡ ದೊಡ್ಡ ಬೆಂಕಿಗಳೇ. 1921ರ ನವೆಂಬರಿನಲ್ಲಿ ಅಮೆರಿಕದ ನ್ಯೂ ಹೇವನ್ ನಗರದ ರಿಯಾಲ್ಟೊ ಚಿತ್ರಮಂದಿರಕ್ಕೆ ಬೆಂಕಿ ಬಿದ್ದಾಗ ಯೇಲ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಅಂಡರ್‌ಹಿಲ್ ಅಲ್ಲಿಯ ಗಾಯಾಳುಗಳ ಬೊಬ್ಬೆಯೊಳಗಿನ ನೀರನ್ನು ಪರೀಕ್ಷಿಸಿದ. ಅದು ಬರಿಯ ನೀರಲ್ಲ, ರಕ್ತದ ದ್ರವಕ್ಕೆ ಬಹಳ ಹತ್ತಿರದ ವಸ್ತು ಎಂದು ತಿಳಿಯಿತು. ಸುಟ್ಟವರು ಮೊದಲ ದಿನಗಳಲ್ಲಿ ಸಾಯುವುದು ಯಾವುದೋ ವಿಷದಿಂದ ಎಂದು ಅಲ್ಲಿಯವರೆಗೆ ನಂಬಲಾಗಿತ್ತು. ನಿಜವಾಗಿ ಅವರ ರಕ್ತದ ದ್ರವ ಸೋರಿಹೋಗಿ, ಉಳಿದ ರಕ್ತ ಗಟ್ಟಿಯಾಗುತ್ತಿತ್ತು.

1942 ಈ ಚರಿತ್ರೆಯಲ್ಲಿ ಮರೆಯಲಾಗದ ವರ್ಷ. ಆ ವರ್ಷದ ನವೆಂಬರ್ 28ರ ರಾತ್ರಿ ಬಾಸ್ಟನ್ನಿನ ಕೋಕೋನಟ್ ಗ್ರೋವ್ ಎಂಬ ಮನರಂಜನಾಲಯ ಹೊತ್ತಿ ಉರಿದು 492 ಜನ ಸತ್ತರು. ಬದುಕಿ ಉಳಿದವರ ಶುಶ್ರೂಷೆಯಿಂದ ದ್ರವಚಿಕಿತ್ಸೆಯ ಹೊಸ ಪಾಠಗಳು ಹುಟ್ಟಿದವು. ಅದೇ ವರ್ಷ ಸ್ಕಾಟ್ಲೆಂಡಿನ ಡೇವಿಡ್ ಕತ್ಬರ್ಟ್‌ಸನ್ ತನ್ನ ಹಲವು ವರ್ಷಗಳ ಅಭ್ಯಾಸವನ್ನು ಒಂದು ರೂಪಕ್ಕೆ ತಂದ. ಅವನು ಆರಂಭಿಸಿದ್ದು ಸುಟ್ಟವರಿಂದಲ್ಲ, ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಕಾಲಿನ ಎಲುಬು ಮುರಿದುಕೊಂಡು ಮಲಗಿದವರಿಂದ. ಅವರ ಮೂತ್ರದಲ್ಲಿ ನೈಟ್ರೋಜನ್ ಎಷ್ಟು ಹೋಗುತ್ತದೆಂದು ಅಳೆದಾಗ, ಮುರಿದ ಎಲುಬಿನ ಸುತ್ತಲಿನ ಮಾಂಸ ಮಾತ್ರವಲ್ಲ, ಮೈಯೆಲ್ಲದರ ಮಾಂಸವೂ ಕರಗುತ್ತಿದೆ ಎಂಬುದು ಗೊತ್ತಾಯಿತು. ಪೆಟ್ಟು ಬಿದ್ದ ದೇಹದಲ್ಲಿ ಮೊದಲು ಒಂದು ಇಳಿತ, ಆಮೇಲೆ ಒಂದು ಭರತ ಎಂದು ಅವನು ಹೆಸರಿಟ್ಟ. ಇಳಿತದಲ್ಲಿ ದೇಹ ತಣ್ಣಗಾಗಿ ಕುಗ್ಗುತ್ತದೆ. ಒಂದೆರಡು ದಿನಗಳ ಮೇಲೆ ಬರುವ ಭರತದಲ್ಲಿ ದೇಹ ತನ್ನನ್ನೇ ಉರುವಲು ಮಾಡಿಕೊಂಡು ಉರಿಯತೊಡಗುತ್ತದೆ.

ಸೊಲ್ಲಾಪುರದವರಾದ ನಮಗೆ 1942 ಎಂದೊಡನೆ ಇನ್ನೊಂದು ನೆನಪು ಬರುವುದು ಸಹಜ. ನಮ್ಮ ಊರಿನಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟಣೀಸರು ಚೀನಾದ ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತ ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರ್ 9ರಂದು, ಬಾಸ್ಟನ್ನಿನ ಬೆಂಕಿಯ 11 ದಿನಗಳ ತರುವಾಯ. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಜಗತ್ತಿನ ಒಂದು ಮೂಲೆಯಲ್ಲಿ ಪ್ಲಾಸ್ಮಾ ಬಾಟಲಿಗಳು ಸಾಲುಗಟ್ಟಿದ್ದಾಗ ಇನ್ನೊಂದು ಮೂಲೆಯಲ್ಲಿ ನಮ್ಮವನೊಬ್ಬ ಕೈಗೆ ಸಿಕ್ಕಷ್ಟು ಸಾಧನಗಳಿಂದ ಶಸ್ತ್ರಕ್ರಿಯೆ ಮಾಡುತ್ತಿದ್ದ ಎಂಬುದನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಮೈತೂಕ ಸೂತ್ರದೊಳಗೆ ಬಂದದ್ದು ಯುದ್ಧದ ನಂತರ. 1952ರಲ್ಲಿ ಎವರೆಟ್ ಇವಾನ್ಸ್ ಎಂಬ ಅಮೆರಿಕದ ವೈದ್ಯ, ಸುಟ್ಟವನಿಗೆ ಎಷ್ಟು ದ್ರವ ಕೊಡಬೇಕೆಂಬುದನ್ನು ಮೈತೂಕ ಮತ್ತು ಸುಟ್ಟ ಪಾಲು ಎರಡನ್ನೂ ಗುಣಿಸಿ ತೀರ್ಮಾನಿಸಬೇಕೆಂದ. 1968ರಲ್ಲಿ ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಚಾರ್ಲ್ಸ್ ಬ್ಯಾಕ್ಸ್‌ಟರ್ ಅದನ್ನು ಇನ್ನೂ ಸರಳಗೊಳಿಸಿದ. 1963ರಲ್ಲಿ ಗುಂಡೇಟು ತಿಂದ ಅಧ್ಯಕ್ಷ ಕೆನೆಡಿಯನ್ನು ಒಯ್ದದ್ದು ಅದೇ ಆಸ್ಪತ್ರೆಗೆ, ಅಂದು ಅಲ್ಲಿದ್ದ ವೈದ್ಯರಲ್ಲಿ ಬ್ಯಾಕ್ಸ್‌ಟರನೂ ಒಬ್ಬ. ಅವನ ಲೆಕ್ಕ ಹೀಗೆ: ಮೈತೂಕದ ಪ್ರತಿ ಕಿಲೋಗೆ, ಸುಟ್ಟ ಪ್ರತಿ ಶೇಕಡಾಕ್ಕೆ 4 ಮಿಲಿಲೀಟರು. 50 ಕಿಲೋ ತೂಕದ ಹೆಣ್ಣುಮಗಳೊಬ್ಬಳ ಮೈ ಶೇಕಡಾ 40ರಷ್ಟು ಸುಟ್ಟಿದ್ದರೆ ಮೊದಲ 24 ಗಂಟೆಗಳಲ್ಲಿ 8 ಲೀಟರು ಸಲೈನ್ ಬೇಕು. ಅದರಲ್ಲಿ ಅರ್ಧ, ಅಂದರೆ 4 ಲೀಟರು, ಸುಟ್ಟ ಗಳಿಗೆಯಿಂದ 8 ಗಂಟೆಯೊಳಗೆ ಹೋಗಬೇಕು. ಆಸ್ಪತ್ರೆ ತಲುಪಿದ ಗಳಿಗೆಯಿಂದಲ್ಲ. ಗಡಿಹಳ್ಳಿಯಿಂದ ಗಾಡಿ ಹುಡುಕಿ ಸೊಲ್ಲಾಪುರ ಮುಟ್ಟುವುದರೊಳಗೆ ಆ ಎಂಟರಲ್ಲಿ ಎಷ್ಟು ಗಂಟೆ ಕಳೆದುಹೋಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಈ 8 ಲೀಟರಿನ ಪರಿಣಾಮವಾಗಿ ಮೊದಲ ವಾರದಲ್ಲಿ ತೂಕ ಇಳಿಯುವುದಿಲ್ಲ, ಏರುತ್ತದೆ. ಮುಖ ಊದಿ ಕಣ್ಣು ಮುಚ್ಚಿಹೋಗುತ್ತದೆ. ನೋಡಲು ಬಂದ ಬಂಧುಗಳು ಮೈ ತುಂಬಿಕೊಂಡಿದೆ ಎಂದು ಸಮಾಧಾನಪಟ್ಟುಕೊಳ್ಳುವ ದಿನಗಳು ಅವು. ಆಮೇಲೆ ನೀರು ಇಳಿಯುತ್ತದೆ. ಆಗ ಅಡಿಯಲ್ಲಿ ನಡೆಯುತ್ತಿದ್ದ ಕರಗುವಿಕೆ ಬೆಳಕಿಗೆ ಬರುತ್ತದೆ. 1970ರ ದಶಕದ ಆರಂಭದ ಅಮೆರಿಕದ ಸೇನಾ ಆಸ್ಪತ್ರೆಯ ಅನುಭವದಂತೆ, ಮೈಯ ಶೇಕಡಾ 40ಕ್ಕಿಂತ ಹೆಚ್ಚು ಸುಟ್ಟವರು ತಾವಾಗಿ ಉಂಡಷ್ಟರ ಮೇಲೆಯೇ ಇದ್ದರೆ ಎರಡು ತಿಂಗಳೊಳಗೆ ತೂಕದ ಐದನೆಯ ಒಂದು ಭಾಗವನ್ನೇ ಕಳೆದುಕೊಳ್ಳುತ್ತಿದ್ದರು. ಅದೂ ಉಣ್ಣಲು ಕೊರತೆಯಿಲ್ಲದ ದೇಶದಲ್ಲಿ.

ಏಕೆ ಹೀಗೆ ಎಂಬ ಪ್ರಶ್ನೆಗೆ ಮೊದಲು ದೊರೆತ ಉತ್ತರ ಮಣ್ಣಿನ ಕೊಡದ ಉತ್ತರ. ಕೊಡದಿಂದ ನೀರು ಒಸರಿ ಆವಿಯಾಗುವಾಗ ಒಳಗಿನ ನೀರು ತಣ್ಣಗಾಗುವುದು ನಮಗೆಲ್ಲ ಗೊತ್ತು. ಚರ್ಮ ಹೋದ ಮೈಯಿಂದಲೂ ಹಾಗೆಯೇ ನೀರು ಆವಿಯಾಗುತ್ತದೆ, ಒಂದು ಲೀಟರು ಆವಿಯಾಗಲು 580 ಕ್ಯಾಲರಿಯಷ್ಟು ಶಾಖ ಬೇಕು, ಆ ಶಾಖಕ್ಕಾಗಿ ದೇಹ ಉರಿಯುತ್ತದೆ ಎಂದು ವೈದ್ಯರು ತರ್ಕಿಸಿದರು. ತರ್ಕ ಚೆನ್ನಾಗಿತ್ತು, ಆದರೆ ಪೂರ್ತಿ ನಿಜವಾಗಿರಲಿಲ್ಲ. ನೀರು ಆವಿಯಾಗದಂತೆ ಗಾಯಗಳನ್ನು ಮುಚ್ಚಿದರೂ ಉರಿ ಹೆಚ್ಚೇನೂ ತಗ್ಗಲಿಲ್ಲ. 1974ರಲ್ಲಿ ಡಗ್ಲಸ್ ವಿಲ್ಮೋರ್ ಮತ್ತು ಸಂಗಡಿಗರು ಟೆಕ್ಸಾಸ್‌ನ ಸೇನಾ ಸಂಶೋಧನಾಲಯದಿಂದ ಉತ್ತರ ಕೊಟ್ಟರು. ಗಾಬರಿಯಾದಾಗ ಎದೆ ಬಡಿತವನ್ನು ಹೆಚ್ಚಿಸುವ ಅಡ್ರಿನಲಿನ್ ಜಾತಿಯ ಸ್ರಾವಗಳು ಸುಟ್ಟವರಲ್ಲಿ ವಾರಗಟ್ಟಲೆ ಇಳಿಯದೆ ನಿಂತಿರುತ್ತವೆ. ಹುಲಿ ಎದುರು ಬಂದಾಗಿನ ಗಾಬರಿ ಒಂದು ಗಳಿಗೆಯದು, ಇದು ಗಾಯ ಮುಚ್ಚುವವರೆಗಿನದು. ದೊಡ್ಡ ಸುಟ್ಟಗಾಯದಲ್ಲಿ ದೇಹದ ಉರಿ ಎಂದಿನ ಎರಡು ಪಟ್ಟಿಗೂ ಏರಬಲ್ಲುದು, ಅದರ ಉಳಿಕೆ ಗಾಯ ಮಾಯ್ದ ಮೇಲೂ ವರ್ಷಕ್ಕೆ ಮಿಕ್ಕಿ ಇರಬಲ್ಲುದು. ಮಣ್ಣಿನ ಕೊಡದ ತರ್ಕ ಪೂರ್ತಿ ವ್ಯರ್ಥವೂ ಆಗಲಿಲ್ಲ. ಸುಟ್ಟವರ ಕೋಣೆಯನ್ನು 28ರಿಂದ 32 ಡಿಗ್ರಿಯಷ್ಟು ಬೆಚ್ಚಗೆ ಇಟ್ಟರೆ ಉರಿ ಒಂದಷ್ಟು ತಗ್ಗುತ್ತದೆಂದು ಕಂಡುಬಂತು.

ಕರಗುವುದು ಕೊಬ್ಬಾಗಿದ್ದರೆ ಚಿಂತೆ ಕಡಿಮೆ. ಇಲ್ಲಿ ಕರಗುವುದು ಮಾಂಸ. ಕೈಕಾಲಿನ ಸ್ನಾಯು, ಉಸಿರೆಳೆಯುವ ಸ್ನಾಯು, ಗಾಯ ಮುಚ್ಚಲು ಬೇಕಾದ ಪ್ರೋಟೀನಿನ ಕಣಜ. ವೈದ್ಯರು ಹೇಳುವ ಒಂದು ಲೆಕ್ಕ ಎಲ್ಲರೂ ತಿಳಿದಿರಬೇಕಾದದ್ದು. ಮಾಂಸಭಾಗದ ಹತ್ತನೆಯ ಒಂದು ಪಾಲು ಹೋದರೆ ರೋಗನಿರೋಧಕ ಶಕ್ತಿ ಕುಂದುತ್ತದೆ. ಐದನೆಯ ಒಂದು ಪಾಲು ಹೋದರೆ ಗಾಯ ಮಾಯುವುದು ನಿಧಾನವಾಗುತ್ತದೆ. ಶೇಕಡಾ 30 ಹೋದರೆ ಕುಳಿತುಕೊಳ್ಳಲೂ ಆಗದೆ ಹಾಸಿಗೆಹುಣ್ಣು, ನ್ಯುಮೋನಿಯಾ ಬರುತ್ತವೆ. ಶೇಕಡಾ 40ರ ಆಚೆ ಬದುಕು ಉಳಿಯುವುದು ಕಷ್ಟ. ಮೂರನೆಯ ವಾರದಲ್ಲಿ ಸುಟ್ಟವರು ಸತ್ತಾಗ ಕೀವು ಏರಿ ಸತ್ತರೆಂದು ನಾವು ಹೇಳುತ್ತ ಬಂದಿದ್ದೇವೆ. ಆ ಕೀವು ಏರಲು ದಾರಿ ಮಾಡಿಕೊಟ್ಟದ್ದರಲ್ಲಿ ಹಸಿವಿನ ಪಾಲೂ ಇತ್ತು.

ಹಾಗಾದರೆ ಎಷ್ಟು ಉಣಿಸಬೇಕು? ವಿಲಿಯಂ ಕರೇರಿ 1974ರಲ್ಲಿ ಕೊಟ್ಟ ಸೂತ್ರವೂ ಮೈತೂಕದ್ದೇ: ಕಿಲೋಗೆ 25 ಕ್ಯಾಲರಿ, ಅದಕ್ಕೆ ಸುಟ್ಟ ಪ್ರತಿ ಶೇಕಡಾಕ್ಕೆ 40 ಕ್ಯಾಲರಿ ಕೂಡಿಸಿ. ನಮ್ಮ 50 ಕಿಲೋದ ಹೆಣ್ಣುಮಗಳಿಗೆ 1250ಕ್ಕೆ 1600 ಸೇರಿ 2850 ಕ್ಯಾಲರಿ. ಜೊತೆಗೆ ಕಿಲೋಗೆ ಒಂದೂವರೆಯಿಂದ ಎರಡು ಗ್ರಾಮಿನಂತೆ 75ರಿಂದ 100 ಗ್ರಾಂ ಪ್ರೋಟೀನು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲರಿ ಎಂದು ಹಿಡಿದರೆ ಇದು ದಿನಕ್ಕೆ 16–17 ರೊಟ್ಟಿಯ ಲೆಕ್ಕ! ಹೊಲದಲ್ಲಿ ದುಡಿಯುವ ಗಟ್ಟಿಮುಟ್ಟಾದವನೂ ಒಮ್ಮೆ ಯೋಚಿಸುವಷ್ಟು. ಬಾಯಿ ಬೆಂದು, ನೋವಿನಿಂದ ನಿದ್ದೆಯಿಲ್ಲದೆ ಮಲಗಿದವಳು ಇದನ್ನು ಉಣ್ಣುವುದೆಂತು? ಮೂಗಿನಿಂದ ಹೊಟ್ಟೆಗೆ ಇಳಿಸುವ ತೆಳುವಾದ ನಳಿಕೆ ಸುಟ್ಟವರ ವಾರ್ಡಿನಲ್ಲಿ ಇಷ್ಟು ಮುಖ್ಯವಾದದ್ದು ಈ ಕಾರಣದಿಂದ. ಮನೆಯವರಿಗೆ ಅದನ್ನು ಕಂಡರೆ ಭಯ, ನಳಿಕೆ ಹಾಕಿದರೆಂದರೆ ಕೊನೆಗಾಲ ಬಂತೆಂದೇ ಅವರ ತಿಳಿವಳಿಕೆ.

1980ರಲ್ಲಿ ಸಿನ್ಸಿನಾಟಿಯ ವೆಸ್ಲಿ ಅಲೆಕ್ಸಾಂಡರ್ ತೀವ್ರವಾಗಿ ಸುಟ್ಟ 18 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರೋಟೀನು ಹೆಚ್ಚಿದ್ದ ಆಹಾರ ಕೊಟ್ಟ. ಆ ಗುಂಪಿನ ಮಕ್ಕಳೆಲ್ಲರೂ ಬದುಕಿದರು. ಇನ್ನೊಂದು ಗುಂಪಿನಲ್ಲಿ ಬದುಕಿದವರು ಅರ್ಧಕ್ಕಿಂತ ತುಸು ಹೆಚ್ಚು. 18 ಸಣ್ಣ ಸಂಖ್ಯೆ, ಆದರೂ ಆ ಫಲಿತಾಂಶ ಜಗತ್ತಿನ ವಾರ್ಡುಗಳ ಅಡುಗೆಯನ್ನು ಬದಲಿಸಿತು. ಕರೇರಿಯ ಸೂತ್ರವನ್ನು ಮಾತ್ರ ಮುಂದಿನವರು ತಿದ್ದಿದರು. ಅದರಂತೆ ಉಣಿಸಿದರೆ ಹಲವರಿಗೆ ಆಹಾರ ಹೆಚ್ಚಾಗಿ, ಯಕೃತ್ತಿನಲ್ಲಿ ಕೊಬ್ಬು ಕೂಡುತ್ತಿತ್ತು. ತೂಕ ಏರಿದರೂ ಏರಿದ್ದು ಮಾಂಸವಲ್ಲ ಎಂಬುದು ತಿಳಿಯಿತು.

ಇನ್ನು ಸೊಲ್ಲಾಪುರಕ್ಕೆ ಬರೋಣ. 1963ರಲ್ಲಿ ಆರಂಭವಾದ ಡಾ. ವೈಶಂಪಾಯನ ಸ್ಮಾರಕ ವೈದ್ಯಕೀಯ ಮಹಾವಿದ್ಯಾಲಯದ ಶಸ್ತ್ರಚಿಕಿತ್ಸಾ ವಿಭಾಗದಲ್ಲಿದ್ದ ಡಾ. ಎಂ. ಸುಬ್ರಹ್ಮಣ್ಯಂ ಅವರು 1991ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ಒಂದು ಲೇಖನ ಪ್ರಕಟಿಸಿದರು. ಮೇಲ್ಪದರದ ಸುಟ್ಟಗಾಯವಿದ್ದ 104 ರೋಗಿಗಳಲ್ಲಿ 52 ಜನರಿಗೆ ಶುದ್ಧ ಜೇನು, ಇನ್ನುಳಿದ 52 ಜನರಿಗೆ ಎಲ್ಲೆಡೆ ಬಳಕೆಯಲ್ಲಿದ್ದ ಬೆಳ್ಳಿಯ ಮುಲಾಮು, ಅಂದರೆ ಸಿಲ್ವರ್ ಸಲ್ಫಾಡಯಜಿನ್. ಜೇನು ಹಚ್ಚಿದವರಲ್ಲಿ ಶೇಕಡಾ 91ರಷ್ಟು ಗಾಯಗಳು 7 ದಿನದೊಳಗೆ ಸೋಂಕಿಲ್ಲದಂತಾದವು, ಮುಲಾಮಿನವರಲ್ಲಿ ಶೇಕಡಾ 7. ಜೇನಿನವರ ಗಾಯಗಳಲ್ಲಿ ಶೇಕಡಾ 87 ಹದಿನೈದು ದಿನದೊಳಗೆ ಮಾಯ್ದವು, ಮುಲಾಮಿನವರಲ್ಲಿ ಶೇಕಡಾ 10. ಹಳ್ಳಿಯ ಅಜ್ಜಿಯರು ಹೇಳುತ್ತಿದ್ದುದನ್ನು ನಮ್ಮ ಜಿಲ್ಲೆಯ ಸರಕಾರಿ ಆಸ್ಪತ್ರೆಯಲ್ಲಿ ಲೆಕ್ಕವಿಟ್ಟು ಪರೀಕ್ಷಿಸಿದ ಸುದ್ದಿ ಲಂಡನ್, ಆಕ್ಲೆಂಡುಗಳ ವೈದ್ಯರ ಮೇಜಿಗೆ ಹೋಯಿತು. ಮುಂಬಯಿಯ ಡಾ. ಕೇಸವಾನಿಯವರು 1980ರ ದಶಕದಲ್ಲಿ ಬೇಯಿಸಿದ ಬಟಾಟೆ ಸಿಪ್ಪೆಯನ್ನು ಪಟ್ಟಿಯಂತೆ ಹೊದಿಸಿ, ಬಡವರಿಗೆ ಕೈಗೆಟಕುವ ಚಿಕಿತ್ಸೆಯೆಂದು ಹೆಸರು ಮಾಡಿದ್ದರು. ಸುಬ್ರಹ್ಮಣ್ಯಂ ಅವರು 1996ರಲ್ಲಿ 100 ರೋಗಿಗಳ ಮೇಲೆ ಜೇನನ್ನೂ ಬಟಾಟೆ ಸಿಪ್ಪೆಯನ್ನೂ ಹೋಲಿಸಿದರು. ಅಲ್ಲಿಯೂ ಜೇನೇ ಮೇಲಾಯಿತು.

ಅಭಿಮಾನದ ಜೊತೆಗೆ ಸತ್ಯವನ್ನೂ ಬರೆಯಬೇಕು. ಜೇನಿನ ಈ ಪ್ರಯೋಗಗಳಲ್ಲಿ ಬಹುಪಾಲು ಒಬ್ಬರ ಕೈಯಿಂದಲೇ ನಡೆದವೆಂದು, ಬೇರೆ ಕಡೆ ಬೇರೆಯವರೂ ಮಾಡಿನೋಡಬೇಕೆಂದು ವಿಮರ್ಶಕರು ಆಕ್ಷೇಪಿಸಿದರು. ಹೋಲಿಕೆಗೆ ಇಟ್ಟುಕೊಂಡ ಬೆಳ್ಳಿಯ ಮುಲಾಮೇ ಗಾಯ ಮಾಯುವುದನ್ನು ನಿಧಾನಗೊಳಿಸುತ್ತದೆ ಎಂಬ ಮಾತೂ ಬಂತು. 2015ರ ಕಾಕ್ರೇನ್ ಪರಾಮರ್ಶೆ ಎಲ್ಲವನ್ನೂ ಸೋಸಿ, ಪೂರ್ಣ ಆಳಕ್ಕಿಳಿಯದ ಸುಟ್ಟಗಾಯಗಳು ಜೇನಿನಿಂದ ಸಾಮಾನ್ಯ ಪಟ್ಟಿಗಿಂತ 4–5 ದಿನ ಬೇಗ ಮಾಯುತ್ತವೆ ಎಂದು ಒಪ್ಪಿತು. ಆಳವಾದ ಗಾಯಕ್ಕೆ ಜೇನು ಸಾಲದೆಂಬುದನ್ನು ತೋರಿಸಿದ ಪ್ರಯೋಗವೂ ಸುಬ್ರಹ್ಮಣ್ಯಂ ಅವರದೇ. 1999ರಲ್ಲಿ ಅವರು ಸುಟ್ಟ ಚರ್ಮವನ್ನು ಬೇಗ ಕೆತ್ತಿ ತೆಗೆದು ಚರ್ಮಕಸಿ ಮಾಡುವ ವಿಧಾನವನ್ನು ಜೇನಿನೊಡನೆ ಹೋಲಿಸಿದಾಗ ಕಸಿಯೇ ಗೆದ್ದಿತು. ಯುಗೋಸ್ಲಾವಿಯಾದ ಮಾರಿಬೋರ್ ಎಂಬ ಊರಿನ ಜೋರಾ ಯಾನ್ಜೆಕೋವಿಚ್ ಎಂಬ ವೈದ್ಯೆ 1970ರಲ್ಲಿ ಜಗತ್ತಿಗೆ ತಿಳಿಸಿದ ವಿಧಾನವದು. ತಾನು ಹೆಸರು ಗಳಿಸಿದ ಔಷಧಿಯ ಮಿತಿಯನ್ನು ತಾನೇ ಅಳೆದು ಪ್ರಕಟಿಸಿದ್ದನ್ನು ನಾನು ಮೊದಲಿನ ಲೇಖನಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

ಮೈತೂಕಕ್ಕೂ ಇದಕ್ಕೂ ಏನು ನಂಟು? ಗಾಯ ತೆರೆದಿರುವಷ್ಟು ದಿನವೂ ದೇಹ ಉರಿಯುತ್ತಿರುತ್ತದೆ. ಸೋಂಕು ತಗಲಿದರೆ ಉರಿ ಇಮ್ಮಡಿಸುತ್ತದೆ. ಬೇಗ ಮುಚ್ಚಿದ ಗಾಯ ಅಷ್ಟು ದಿನಗಳ ಮಾಂಸವನ್ನು ಉಳಿಸಿದಂತೆ. ಉಣಿಸುವುದೂ ಮುಚ್ಚುವುದೂ ಒಂದೇ ಕೆಲಸದ ಎರಡು ಕೈ.

ಸೂತ್ರಗಳು ಹುಟ್ಟಿದ್ದು ಹೊಟ್ಟೆ ತುಂಬಿದ ದೇಶದಲ್ಲಿ. ನಮ್ಮ ವಾರ್ಡಿಗೆ ಬಂದವರು ಮೊದಲೇ ತೂಕ ಕಡಿಮೆಯಿದ್ದ, ರಕ್ತಹೀನತೆಯ ಹೆಣ್ಣುಮಕ್ಕಳು. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ 2001ರ ಒಂದೇ ವರ್ಷದಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು 1,63,000ಕ್ಕೂ ಹೆಚ್ಚು, ಅವರಲ್ಲಿ 1,06,000 ಹೆಂಗಸರು, ಬಹುಪಾಲು 15ರಿಂದ 34ರ ವಯಸ್ಸಿನವರು. ಬರಗಾಲದ ನಾಡಿನ ಮಗಳು 50 ಕಿಲೋ ಎಲ್ಲಿ ತೂಗುತ್ತಿದ್ದಳು? 40 ಕಿಲೋದಿಂದ 8 ಕಿಲೋ ಹೋದರೆ ಉಳಿಯುವುದೆಷ್ಟು?

ಇದರ ಮೇಲೆ ನಮ್ಮ ಮನೆಗಳ ಪಥ್ಯ ಬೇರೆ. ನನ್ನ ಬಾಲ್ಯದಲ್ಲಿ ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಸ್ಟೋವು ಸಿಡಿದು ಬೆಂದು, ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ತತ್ತಿ ಕೊಟ್ಟರೆ ನಂಜು, ಬೇಳೆ ಕೊಟ್ಟರೆ ವಾಯು, ಶೇಂಗಾ ಕೊಟ್ಟರೆ ಪಿತ್ತ, ಹಾಲು ಕೊಟ್ಟರೆ ಕೀವು. ಉಳಿದದ್ದು ಗಂಜಿ. ಕೊಡದವರಲ್ಲಿ ಪ್ರೀತಿಗೆ ಕಡಿಮೆಯಿರಲಿಲ್ಲ, ಹಗಲಿರುಳು ಬೀಸಣಿಕೆ ಹಿಡಿದು ಕುಳಿತವರೇ ಅವರು. ನಾಲ್ಕು ತಿಂಗಳಾದರೂ ತೊಡೆಯ ಗಾಯ ಹಾಗೇ ಇತ್ತು. ಕಡೆಗೆ ಒಬ್ಬ ನರ್ಸಬಾಯಿ ಊರಿಗೆ ಬಂದಾಗ ನೋಡಿ, ದಿನಾ ಎರಡು ತತ್ತಿ, ಎರಡು ಲೋಟ ಹಾಲು, ರೊಟ್ಟಿಗೆ ಕೈತುಂಬ ಶೇಂಗಾ ಹಿಂಡಿ ಎಂದು ಬೈದು ಹೇಳಿಹೋದರು. ನಮ್ಮ ಅಜ್ಜಿ ಒಪ್ಪಲಿಲ್ಲ, ಆದರೆ ಆ ಹುಡುಗಿಯ ತಾಯಿ ಒಪ್ಪಿದಳು. 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನೂ 560ಕ್ಕೂ ಹೆಚ್ಚು ಕ್ಯಾಲರಿಯೂ ಉಂಟೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸೊಲ್ಲಾಪುರದ ಶೇಂಗಾ ಚಟ್ನಿಯನ್ನು ಪರವೂರಿನವರು ರುಚಿಗೆಂದು ಒಯ್ಯುತ್ತಾರೆ, ನಮ್ಮ ಓಣಿಯಲ್ಲಿ ಅದು ಔಷಧಿಯಾಗಿತ್ತು.

ಚೇತರಿಕೆಯ ಕಾಲದ ತೂಕದ ಬಗೆಗೆ ಒಂದು ಮಾತು ಉಳಿದಿದೆ. ತಿಂದದ್ದು ಮಾಂಸವಾಗಬೇಕಾದರೆ ಮೈ ಅಲುಗಬೇಕು. ಎದ್ದು ಕೂರುವುದು, ಬೆರಳು ಮಡಚುವುದು, ನಾಲ್ಕು ಹೆಜ್ಜೆ ನಡೆಯುವುದು ಆಹಾರದಷ್ಟೇ ಮುಖ್ಯ. ನೋವೆಂದು ಮಲಗಿಸಿ ಉಣಿಸಿದರೆ ಬರುವುದು ಕೊಬ್ಬು, ಜೊತೆಗೆ ಕೀಲು ಕಟ್ಟಿಕೊಂಡ ಕೈ. ತೀವ್ರವಾಗಿ ಸುಟ್ಟ ಮಕ್ಕಳಲ್ಲಿ ಎತ್ತರ ಬೆಳೆಯುವುದೇ ಒಂದೆರಡು ವರ್ಷ ಕುಂಠಿತವಾಗುತ್ತದೆ. 2001ರಲ್ಲಿ ಟೆಕ್ಸಾಸ್‌ನ ಡೇವಿಡ್ ಹರ್ನ್‌ಡನ್ ಮತ್ತು ಸಂಗಡಿಗರು, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್ ಎಂಬ ಅಗ್ಗದ ಮಾತ್ರೆ ಇಂಥ ಮಕ್ಕಳ ಎದೆಬಡಿತವನ್ನೂ ಮಾಂಸದ ಸವೆತವನ್ನೂ ತಗ್ಗಿಸುತ್ತದೆಂದು ತೋರಿಸಿದರು. ವಿಲ್ಮೋರ್ ಕಂಡ ಗಾಬರಿಯ ಸ್ರಾವಕ್ಕೆ 27 ವರ್ಷಗಳ ಮೇಲೆ ಸಿಕ್ಕ ಕಡಿವಾಣವದು. ವೈದ್ಯರ ಕಣ್ಣಳತೆಯಲ್ಲಿ ಮಾತ್ರ ಕೊಡುವ ಔಷಧಿ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಕರ್ನಾಟಕದಲ್ಲಿ ಈ ಹಾದಿಯ ಉದ್ದವನ್ನು ಜನರಿಗೆ ತೋರಿಸಿಕೊಟ್ಟದ್ದು ಎರಡು ದುರಂತಗಳು. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ 92 ಜನ ತೀರಿಕೊಂಡರು, ಬಹುಪಾಲು ಮಕ್ಕಳು. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪೂ ಧಾರಾವಾಹಿಯ ಚಿತ್ರೀಕರಣದ ವೇಳೆ 62 ಜನ. ಅಲ್ಲಿ ಬದುಕುಳಿದ ನಟ ಸಂಜಯ್ ಖಾನ್ ಒಂದು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿದ್ದು 70ಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳನ್ನು ಕಂಡರು. ಅಷ್ಟು ಕಾಲ ನಿಲ್ಲುವ ಅನುಕೂಲ ಎಷ್ಟು ಜನರಿಗುಂಟು?

ರೋಗಿಯ ಮೈಯಲ್ಲಿ ಕಸಿಗೆ ಬೇಕಾದಷ್ಟು ಚರ್ಮ ಉಳಿಯದಿದ್ದಾಗ ಗಾಯವನ್ನು ತಾತ್ಕಾಲಿಕವಾಗಿ ಮುಚ್ಚಲು ಬೇರೆಯವರ ಚರ್ಮ ಬೇಕಾಗುತ್ತದೆ. ಎರಡು ಮೂರು ವಾರ ಅದು ಹಿಡಿದು ನಿಂತರೂ ನೀರು, ಪ್ರೋಟೀನು ಸೋರುವುದು ನಿಂತು, ತೂಕ ಇಳಿಯುವ ವೇಗ ತಗ್ಗುತ್ತದೆ. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 2000ದಲ್ಲಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮನಿಧಿಗಳು ಆರಂಭವಾದವು. ಸತ್ತ 6 ಗಂಟೆಯೊಳಗೆ ತಿಳಿಸಿದರೆ ತಂಡ ಮನೆಗೇ ಬಂದು ತೊಡೆ ಮತ್ತು ಬೆನ್ನಿನ ಮೇಲಿನ ತೆಳುವಾದ ಪದರವನ್ನಷ್ಟೇ ತೆಗೆದುಕೊಂಡು ಪಟ್ಟಿ ಕಟ್ಟಿ ಹೋಗುತ್ತದೆ. ರಕ್ತ ಸುರಿಯುವುದಿಲ್ಲ, ಮುಖ ಕೆಡುವುದಿಲ್ಲ, ರಕ್ತದ ಗುಂಪು ಹೊಂದಬೇಕಾಗಿಲ್ಲ. ಗ್ಲಿಸರಿನ್ನಿನಲ್ಲಿ ಇಟ್ಟ ಆ ಚರ್ಮ 5 ವರ್ಷದವರೆಗೆ ಬಳಕೆಗೆ ಬರುತ್ತದೆ. ನೇತ್ರದಾನದ ಅರ್ಜಿಗಳನ್ನು ನಮ್ಮ ಸಂಘಗಳ ಸಮಾರಂಭಗಳಲ್ಲಿ ತುಂಬಿಸಿಕೊಳ್ಳುವುದನ್ನು ಕಂಡಿದ್ದೇನೆ. ಅದೇ ಮೇಜಿನ ಮೇಲೆ ಚರ್ಮದಾನದ ಕಾಗದಗಳನ್ನೂ ಇಡಲು ಸ್ಥಳವಿದೆ.